ಬಳ್ಳಾರಿಯಲ್ಲಿ ವಿಟೆಕ್ ಹೆಡ್ ಕಟ್ಟಿಸಿದ್ದು: ಸ್ಪ್ರಿಂಗ್ ಕಿಟ್‌ಗೆ ಮೂರು ಸ್ಟಾರ್, ಹೆಡ್ ಅಂಗಡಿಗೆ ನಾಲ್ಕೂವರೆ

ಮೊದಲೇ ಹೇಳಿಬಿಡುತ್ತೇನೆ. ಹೊರದೇಶದಿಂದ ತರಿಸಿದ ವಾಲ್ವ್ ಸ್ಪ್ರಿಂಗ್ ಕಿಟ್ ಪರವಾಗಿಲ್ಲ, ಆದರೆ ಕೊಟ್ಟ ದುಡ್ಡಿಗೆ ಇನ್ನೂ ಚೆನ್ನಾಗಿರಬೇಕಿತ್ತು. ಕ್ಯಾಮ್, ಅಂದರೆ ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳಿರುವ ದಂಡ, ಚೆನ್ನಾಗಿದೆ. ಹೆಡ್, ಅಂದರೆ ವಾಲ್ವ್‌ಗಳು ಕೂರುವ ಇಂಜಿನ್‌ನ ಮೇಲ್ಭಾಗ, ಅದನ್ನು ರಿಪೇರಿ ಮಾಡುವ ಕೌಲ್ ಬಜಾರಿನ ಒಳಗಿನ ಅಂಗಡಿ ಮಾತ್ರ ಬಂಗಾರ. ಅದಕ್ಕೊಂದು ಬೋರ್ಡೂ ಇಲ್ಲ. ಲಾರಿಯವರು, ಟ್ರ್ಯಾಕ್ಟರಿನವರು ಎಲ್ಲರೂ 'ಹೆಡ್ ಅಂಗಡಿ' ಅಂತಲೇ ಕರೆಯುತ್ತಾರೆ. ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಗಾಡಿ ಹಳೆಯ ಹೋಂಡಾ ಸಿಟಿ 1.5 ವಿಟೆಕ್ (ಮೇಲಿನ ಆರ್‌ಪಿಎಂನಲ್ಲಿ ವಾಲ್ವ್‌ಗಳನ್ನು ಇನ್ನಷ್ಟು ತೆರೆಯುವ ಹೋಂಡಾದ ಏರ್ಪಾಡೇ ವಿಟೆಕ್). 2000ದಿಂದ 2003ರವರೆಗೆ ಬಂದ ಮಾಡೆಲ್, ಫ್ಯಾಕ್ಟರಿಯಿಂದ 106 ಬಿಎಚ್‌ಪಿ. ಆ ಕಾಲಕ್ಕೆ ಅದು ದೊಡ್ಡ ಮಾತು. ಇವತ್ತಿಗೂ ನಮ್ಮ ದೇಶದಲ್ಲಿ ಪೆಟ್ರೋಲ್ ಇಂಜಿನ್ ಕಟ್ಟಿಸುವ ಹುಚ್ಚು ಇರುವವರು ಮೊದಲು ಹುಡುಕುವ ಗಾಡಿಗಳಲ್ಲಿ ಇದೂ ಒಂದು, ಯಾಕಂದರೆ ಇದರ ಡಿ-ಸೀರೀಸ್ ಇಂಜಿನ್‌ಗೆ ಅಮೆರಿಕದಲ್ಲಿ ಬೇಕಾದಷ್ಟು ಪಾರ್ಟ್ಸ್ ಮಾಡುತ್ತಾರೆ. ಸೂಪರ್‌ಟೆಕ್, ಸ್ಕಂಕ್2, ಕ್ರೋವರ್, ಹೀಗೆ ಹೆಸರುಗಳು ಸಾಲುಸಾಲಾಗಿವೆ. ಸಿಗುತ್ತದೆ ಅಂತ ಎಲ್ಲವನ್ನೂ ತರಿಸುವುದೇ ತೊಂದರೆ. ಏನು ತರಿಸಬೇಕು ಅನ್ನುವುದಕ್ಕಿಂತ ಯಾವುದನ್ನು ಮೊದಲು ತೀರ್ಮಾನ ಮಾಡಬೇಕು ಅನ್ನುವುದೇ ಇಲ್ಲಿ ಮುಖ್ಯ.

ಮೊದಲು ಕ್ಯಾಮ್. ಅದಾದ ಮೇಲೆ ಸ್ಪ್ರಿಂಗ್, ಆಮೇಲೆ ರಿಟೇನರ್, ಅಂದರೆ ಸ್ಪ್ರಿಂಗನ್ನು ವಾಲ್ವ್ ತುದಿಗೆ ಹಿಡಿದಿಡುವ ಬಿಲ್ಲೆ. ಬಹಳ ಜನ ಉಲ್ಟಾ ಮಾಡುತ್ತಾರೆ. ಡಿಸ್ಕೌಂಟ್ ಇದೆ ಅಂತ ಗಟ್ಟಿ ಸ್ಪ್ರಿಂಗ್ ತಗೊಂಡು, ಅದಕ್ಕೆ ತಕ್ಕ ಕ್ಯಾಮ್ ಹುಡುಕುತ್ತಾ ಕೂರುತ್ತಾರೆ. ಗಟ್ಟಿ ಸ್ಪ್ರಿಂಗ್‌ನಿಂದ ಒಂದು ಬಿಎಚ್‌ಪಿ ಕೂಡ ಬರುವುದಿಲ್ಲ. ಅದರ ಕೆಲಸ ಒಂದೇ, ಕ್ಯಾಮ್ ಹೇಳಿದ ಹಾಗೆ ವಾಲ್ವ್ ಮುಚ್ಚಿಕೊಳ್ಳುವಂತೆ ನೋಡಿಕೊಳ್ಳುವುದು.

ಕ್ಯಾಮ್ ಮಾರುವವರು 'ಸ್ಟೇಜ್ 1, ಸ್ಟೇಜ್ 2' ಅಂತ ಮಾತಾಡುತ್ತಾರೆ. ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ. ಒಬ್ಬರ ಸ್ಟೇಜ್ 2 ಇನ್ನೊಬ್ಬರ ಸ್ಟೇಜ್ 1 ಇರಬಹುದು. ಲಿಫ್ಟ್ (ವಾಲ್ವ್ ತೆರೆಯುವ ದೂರ) ಎಷ್ಟು ಮಿಲಿಮೀಟರ್, 1 ಮಿಮೀ ಲಿಫ್ಟ್‌ನಲ್ಲಿ ಅಳೆದ ಡ್ಯುರೇಶನ್ (ವಾಲ್ವ್ ತೆರೆದಿರುವ ಹೊತ್ತು) ಎಷ್ಟು ಡಿಗ್ರಿ, ಯಾವ ಆರ್‌ಪಿಎಂನಿಂದ ಯಾವುದರವರೆಗೆ ಕೆಲಸ ಮಾಡುತ್ತದೆ ಅಂತ ಕೇಳಿ. ಈ ಮೂರನ್ನು ಹೇಳದವನ ಹತ್ತಿರ ಕ್ಯಾಮ್ ತಗೋಬೇಡಿ.

ನನ್ನ ಗಾಡಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ಹೋಗುವುದು ಅಪರೂಪ. ಮಿಕ್ಕಂತೆ ಬಳ್ಳಾರಿ, ತೋರಣಗಲ್ಲು, ಹೊಸಪೇಟೆ, ವಾಪಸ್ಸು. ಅದರಲ್ಲೂ ಅರ್ಧ ಜೀವನ ರಾಯಲ್ ಸರ್ಕಲ್ ಸಿಗ್ನಲ್‌ನಲ್ಲಿ. ಏಪ್ರಿಲ್-ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಏಸಿ ಇಲ್ಲದೆ ಕೂರುವ ಮಾತೇ ಇಲ್ಲ. ದೊಡ್ಡ ಡ್ಯುರೇಶನ್ ಕ್ಯಾಮ್ ಹಾಕಿದರೆ ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್‌ಗಳು ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿಯಾಗುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಅದರಿಂದ ಲಾಭ. ಕೆಳಗೆ ಸುಟ್ಟ ಹೊಗೆ ಇನ್‌ಟೇಕ್ ಕಡೆಗೇ ವಾಪಸ್ ನುಗ್ಗುತ್ತದೆ, ಐಡ್ಲಿಂಗ್ ಕುಂಟುತ್ತದೆ, ಏಸಿ ಹಾಕಿದ ಕೂಡಲೇ ಇಂಜಿನ್ ನಿಂತೇ ಹೋಗಬಹುದು. ಸುಡದ ಪೆಟ್ರೋಲ್ ಹೊರಗೆ ಹೋಗುವುದರಿಂದ ಎಮಿಷನ್ ಟೆಸ್ಟ್‌ನಲ್ಲಿ ಹೈಡ್ರೋಕಾರ್ಬನ್ ಅಂಕಿ ಏರುತ್ತದೆ. ನಮ್ಮ ಗಾಡಿಗಳಿಗೆ 15 ವರ್ಷ ಯಾವತ್ತೋ ಮುಗಿದಿದೆ, ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಓ ಮುಂದೆ ನಿಲ್ಲಲೇಬೇಕು, ಅಲ್ವಾ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಇದೆ. ಆರ್‌ಸಿಯಲ್ಲಿ ಬರೆದಿರುವುದಕ್ಕೂ ಗಾಡಿಗೂ ತಾಳೆ ತಪ್ಪಬಾರದು ಅನ್ನುತ್ತದೆ ಅದು. ಅದನ್ನು ನಿಮ್ಮ ತಲೆಯಲ್ಲೇ ಇಟ್ಟುಕೊಂಡು ಹೊರಡಿ.

ಹಾಗಾಗಿ ಸೌಮ್ಯವಾದ ಕ್ಯಾಮ್ ಆರಿಸಿದೆ. ಹೊಸದಲ್ಲ, ರೀಗ್ರೈಂಡ್. ಕೊಯಮತ್ತೂರು ಕಡೆ ರೇಸ್ ಗಾಡಿಗಳ ಕೆಲಸ ಮಾಡುವವರೊಬ್ಬರು ಉಜ್ಜಿಕೊಟ್ಟರು. ರೀಗ್ರೈಂಡ್ ಅಂದರೆ ಲೋಬ್‌ನ, ಅಂದರೆ ಕ್ಯಾಮ್ ಉಬ್ಬಿನ, ಮೂಗು ಎತ್ತರಿಸುವುದಲ್ಲ, ಹಿಂದಿನ ದುಂಡು ಭಾಗವನ್ನು ಇಳಿಸುವುದು. ಆಗ ವಾಲ್ವ್ ಒತ್ತುವ ಟ್ಯಾಪೆಟ್ ಸ್ಕ್ರೂ ಇನ್ನಷ್ಟು ಕೆಳಗೆ ಬರಬೇಕು, ಕ್ಯಾಮ್‌ನ ಒತ್ತಡವನ್ನು ವಾಲ್ವ್‌ಗೆ ಮುಟ್ಟಿಸುವ ತೋಳಾದ ರಾಕರ್‌ನ ಪ್ಯಾಡ್ ಲೋಬ್ ಮೇಲೆ ಜಾರುವ ಜಾಗವೂ ಸ್ವಲ್ಪ ಬದಲಾಗುತ್ತದೆ. ಜಾಸ್ತಿ ಆಳಕ್ಕೆ ಉಜ್ಜಿದರೆ ಎರಕದ ಗಟ್ಟಿ ಪದರವೇ ಹೋಗಿಬಿಡುತ್ತದೆ, ಆಮೇಲೆ ಲೋಬ್ ತಿಂಗಳುಗಳಲ್ಲಿ ಸವೆದು ಚಪ್ಪಟೆ. ವಿಟೆಕ್‌ನಲ್ಲಿ ಇನ್ನೊಂದು ತೊಡಕು. ಇನ್‌ಟೇಕ್ ಕಡೆ ಪ್ರತಿ ಸಿಲಿಂಡರಿಗೂ ಮೂರು ಲೋಬ್, ನಡುವಿನದು ಮೇಲಿನ ಆರ್‌ಪಿಎಂಗೆ. ಮೂರಕ್ಕೂ ತಾಳೆ ಇರಬೇಕು. ಈ ಕೆಲಸಕ್ಕೆ ನನ್ನದು ಪೂರ್ತಿ ಅಂಕ. ಪ್ರತಿ ಲೋಬ್‌ನ ಅಳತೆ ಬರೆದ ಚೀಟಿಯನ್ನೂ ಜೊತೆಗೆ ಕಳಿಸಿದ್ದರು, ಇಲ್ಲಿ ಡಯಲ್ ಗೇಜ್ ಇಟ್ಟು ನೋಡಿದಾಗ ಚೀಟಿ ಸುಳ್ಳು ಹೇಳಲಿಲ್ಲ.

ಈಗ ಸ್ಪ್ರಿಂಗ್. ಇಂಜಿನ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. 7000 ಆರ್‌ಪಿಎಂ ಅಂದರೆ ಪ್ರತಿ ವಾಲ್ವ್ ನಿಮಿಷಕ್ಕೆ 3500 ಸಲ, ಅಂದರೆ ಸೆಕೆಂಡಿಗೆ 58 ಸಲ ತೆರೆದು ಮುಚ್ಚುತ್ತದೆ. ಇದನ್ನು 8000ಕ್ಕೆ ಏರಿಸಿದರೆ ವೇಗ ಏರಿದ್ದು ಸುಮಾರು 14 ಪರ್ಸೆಂಟ್, ಆದರೆ ವಾಲ್ವನ್ನು ಹಿಡಿದು ತಿರುಗಿಸಲು ಬೇಕಾದ ಬಲ ಏರುವುದು ಸುಮಾರು 31 ಪರ್ಸೆಂಟ್, ಯಾಕಂದರೆ ಅದು ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಸ್ಪ್ರಿಂಗ್‌ಗೆ ಆ ಬಲ ಇಲ್ಲದಿದ್ದರೆ ರಾಕರ್ ಕ್ಯಾಮ್ ಬಿಟ್ಟು ಮೇಲೆ ತೇಲುತ್ತದೆ, ಇದನ್ನೇ ವಾಲ್ವ್ ಫ್ಲೋಟ್ ಅನ್ನುವುದು. ಮುಚ್ಚಬೇಕಾದ ಹೊತ್ತಿಗೆ ಮುಚ್ಚದ ವಾಲ್ವ್‌ಗೆ ಪಿಸ್ಟನ್ ಬಂದು ಗುದ್ದುತ್ತದೆ. ಈ ಇಂಜಿನ್‌ನಲ್ಲಿ ಕ್ಯಾಮ್ ತಿರುಗಿಸುವ ಟೈಮಿಂಗ್ ಬೆಲ್ಟ್ ಕಡಿದರೂ ಅದೇ ಗತಿ.

ಹಾಗಂತ ಸಿಕ್ಕಿದ್ದರಲ್ಲಿ ಗಟ್ಟಿಯದನ್ನು ಹಾಕಿದರೆ? ಅದರ ಭಾರವನ್ನೆಲ್ಲ ಕ್ಯಾಮ್ ಲೋಬ್ ಮತ್ತು ರಾಕರ್ ಪ್ಯಾಡ್ ಹೊರಬೇಕು. ಬೆಲ್ಟ್ ಹೊರಬೇಕು. ವಾಲ್ವ್ ಮುಚ್ಚಿ ಕೂರುವ ಸೀಟಿಗೆ ಹೊಡೆತ ಜಾಸ್ತಿ. ಬೇಕಾದಷ್ಟು ಬಲ, ಅದರ ಮೇಲೆ ಸ್ವಲ್ಪ. ಅಷ್ಟೇ ಸಾಕು.

ನಾನು ತರಿಸಿದ್ದು ಡ್ಯುಯಲ್ ಸ್ಪ್ರಿಂಗ್ ಕಿಟ್, ಸ್ಟೀಲ್ ರಿಟೇನರ್ ಜೊತೆ. ಮಾರಿದವರ ಹೆಸರು ಬೇಡ. ಎರಡು ಸ್ಪ್ರಿಂಗ್ ಒಂದರೊಳಗೊಂದು ಬಿಗಿಯಾಗಿ ಕೂರುತ್ತವೆ, ಆ ಉಜ್ಜಾಟವೇ ಸ್ಪ್ರಿಂಗ್ ತನ್ನಷ್ಟಕ್ಕೆ ನಡುಗುವುದನ್ನು ತಗ್ಗಿಸುತ್ತದೆ. ಒಂದು ಮುರಿದರೂ ಇನ್ನೊಂದು ವಾಲ್ವನ್ನು ಸಿಲಿಂಡರ್ ಒಳಗೆ ಬೀಳದಂತೆ ಹಿಡಿದಿರುತ್ತದೆ. ಈ ಮಾತಿಗೇ ನಾನು ಡ್ಯುಯಲ್ ಕಡೆ ವಾಲಿದ್ದು. ಪ್ಯಾಕಿಂಗ್ ಚೆಂದ, ಕಾರ್ಡ್ ಚೆಂದ, ಕಾರ್ಡಿನ ಮೇಲೆ ಸೀಟ್ ಪ್ರೆಷರ್ ಎಷ್ಟು, ಓಪನ್ ಪ್ರೆಷರ್ ಎಷ್ಟು ಅಂತ ಬರೆದಿದೆ. ಕಸ್ಟಮ್ಸ್, ಕೊರಿಯರ್, ಜಿಎಸ್‌ಟಿ ಸೇರಿ ಬಿಲ್ ಮಾತ್ರ ಚೆಂದ ಇರಲಿಲ್ಲ.

ಟೈಟಾನಿಯಂ ರಿಟೇನರ್ ತಗೊಳ್ಳಿ ಅಂತ ಮಾರುವವರು ಬಹಳ ಒತ್ತಾಯ ಮಾಡಿದರು. ಟೈಟಾನಿಯಂ ತೂಕ ಅದೇ ಗಾತ್ರದ ಸ್ಟೀಲ್‌ಗಿಂತ ಸುಮಾರು 40 ಪರ್ಸೆಂಟ್ ಕಡಿಮೆ, ನಿಜ. ವಾಲ್ವ್ ತುದಿಯಲ್ಲಿ ಉಳಿಸಿದ ಪ್ರತಿ ಗ್ರಾಮ್‌ಗೂ ಬೆಲೆಯಿದೆ, ಅದೂ ನಿಜ. ಆದರೆ ಸ್ಪ್ರಿಂಗ್ ಕೂರುವ ಜಾಗದಲ್ಲಿ ಟೈಟಾನಿಯಂ ಬೇಗ ಸವೆಯುತ್ತದೆ, ಆಗಾಗ ಬಿಚ್ಚಿ ನೋಡಬೇಕು. ರೇಸ್ ಟೀಮ್‌ಗೆ ಅದು ದಿನದ ಕೆಲಸ. ದಿನಾ ಓಡುವ ಗಾಡಿಗೆ, 7500 ದಾಟದ ಇಂಜಿನ್‌ಗೆ, ಒಳ್ಳೆಯ ಸ್ಟೀಲ್ ರಿಟೇನರ್ ಹಾಕಿ ಮರೆತುಬಿಡುವುದು ಮೇಲು. ಉಳಿದ ದುಡ್ಡನ್ನು ಹೆಡ್ ಕೆಲಸಕ್ಕೆ ಕೊಡಿ.

ಹೆಡ್ ಅಂಗಡಿಯ ಹಿರಿಯರು ಲಾರಿ ಹೆಡ್‌ಗಳಲ್ಲೇ ತಲೆ ನೆರೆಸಿಕೊಂಡವರು. ಗಣಿ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಿಂದ ಇದೇ ಕೆಲಸ. ನಾನು ಕಿಟ್‌ನ ಕಾರ್ಡ್ ತೋರಿಸಿದೆ. ಕನ್ನಡಕ ಹಾಕಲೂ ಇಲ್ಲ.

"ತಮ್ಮಾ, ಪೆಟ್ಟಿಗಿ ಮ್ಯಾಲಿನ ನಂಬರ್ ನನಗ್ಯಾಕ? ಸ್ಪ್ರಿಂಗ್ ಏನ್ ಹೇಳ್ತೈತಿ ನೋಡೋಣ ತಾ."

ಮೂಲೆಯಲ್ಲೊಂದು ಹಳೆಯ ಸ್ಪ್ರಿಂಗ್ ಟೆಸ್ಟರ್ ಇದೆ. ಕೆಳಗೆ ತಕ್ಕಡಿಯ ಮುಖ, ಮೇಲೊಂದು ಉದ್ದ ಹಿಡಿಕೆ. ಒಂದೊಂದೇ ಸ್ಪ್ರಿಂಗ್ ಇಟ್ಟು, ವಾಲ್ವ್ ಮುಚ್ಚಿದ್ದಾಗಿನ ಎತ್ತರಕ್ಕೆ ಒಮ್ಮೆ ಒತ್ತಿ, ಪೂರ್ತಿ ತೆರೆದಾಗಿನ ಎತ್ತರಕ್ಕೆ ಇನ್ನೊಮ್ಮೆ ಒತ್ತಿ, ಮುಳ್ಳು ನಿಂತ ಕಡೆ ಓದಿ ಹೇಳುತ್ತಾ ಹೋದರು. ಹುಡುಗ ಹೆಡ್‌ನ ಮೇಲೇ ಸೀಮೆಸುಣ್ಣದಲ್ಲಿ ಬರೆದುಕೊಂಡ. 16ರಲ್ಲಿ 14 ಸ್ಪ್ರಿಂಗ್ ಹೆಚ್ಚುಕಡಿಮೆ ಒಂದೇ ಮಾತು ಹೇಳಿದವು. ಎರಡು ಮಾತ್ರ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಸಡಿಲ. ಹೊಸ ಪೆಟ್ಟಿಗೆಯಲ್ಲಿ ಬಂದ ಹೊಸ ಸ್ಪ್ರಿಂಗ್! ಮಾರಿದವರಿಗೆ ಫೋಟೋ, ವಿಡಿಯೋ ಎಲ್ಲ ಕಳಿಸಿದೆ. ಬದಲಿ ಕೊಟ್ಟರು, ಇಲ್ಲ ಅನ್ನಲಾರೆ. ಆದರೆ ಅದಕ್ಕೆ ಮೊದಲು 'ನಿಮ್ಮ ಊರಿನ ಟೆಸ್ಟರ್ ಸರಿ ಇಲ್ಲದಿರಬಹುದು' ಅಂತ ವಾದ ಮಾಡಿದರು. ಮಿಕ್ಕ 14ಕ್ಕೆ ಸರಿಯಿದ್ದ ಟೆಸ್ಟರ್ ಆ ಎರಡಕ್ಕೆ ಮಾತ್ರ ಕೆಟ್ಟಿತೇ? ಕಿಟ್‌ಗೆ ಎರಡು ಸ್ಟಾರ್ ಹೋಗಿದ್ದು ಇಲ್ಲೇ.

ಇನ್ನೊಂದು ಲೆಕ್ಕವನ್ನು ಅಂಗಡಿಯ ಹಿರಿಯರು ನಾನು ಹೇಳದೆಯೇ ಮಾಡಿದರು, ಅದು ಬಹಳ ಕಡೆ ಯಾರೂ ಮಾಡುವುದಿಲ್ಲ. ಸೀಟ್ ಕಟಿಂಗ್ ಮಾಡಿದಾಗ ವಾಲ್ವ್ ಹೆಡ್‌ನೊಳಗೆ ಸ್ವಲ್ಪ ಹುದುಗುತ್ತದೆ. ಅಷ್ಟೇ ಅದರ ಬಾಲ ಮೇಲೆ ಬರುತ್ತದೆ, ಸ್ಪ್ರಿಂಗ್ ಕೂರುವ ಎತ್ತರ ಹೆಚ್ಚುತ್ತದೆ, ಸ್ಪ್ರಿಂಗ್ ಸಡಿಲಾಗುತ್ತದೆ. ಉದಾಹರಣೆಗೆ ಮಿಲಿಮೀಟರ್‌ಗೆ 3.2 ಕೆಜಿ ಏರುವ ಸ್ಪ್ರಿಂಗ್ ಅಂತ ಇಟ್ಟುಕೊಳ್ಳಿ, ಮುಚ್ಚಿದಾಗ 28 ಕೆಜಿ ಒತ್ತುತ್ತದೆ, 10 ಮಿಮೀ ಲಿಫ್ಟ್‌ನಲ್ಲಿ 60 ಕೆಜಿ. ಸೀಟ್ ಅರ್ಧ ಮಿಲಿಮೀಟರ್ ಇಳಿದರೆ ಎರಡೂ ಕಡೆ 1.6 ಕೆಜಿ ಖೋತಾ. ಒಂದು ವಾಲ್ವ್‌ನಲ್ಲಿ ಹೀಗೆ, ಪಕ್ಕದ್ದರಲ್ಲಿ ಹಾಗೆ ಅಂದರೆ ಇಂಜಿನ್ ಫ್ಲೋಟ್ ಆಗುವುದು ಎಲ್ಲಕ್ಕಿಂತ ಸಡಿಲವಾದ ವಾಲ್ವ್ ಹೇಳಿದ ಆರ್‌ಪಿಎಂನಲ್ಲಿ. ಅದಕ್ಕೇ ಪ್ರತಿ ವಾಲ್ವ್‌ನ ಎತ್ತರ ಅಳೆದು, ಕೆಳಗೆ ತೆಳು ವಾಷರ್ ಕೊಟ್ಟು ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರು. ಪೂರ್ತಿ ತೆರೆದಾಗ ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ತಾಗದೆ ಕನಿಷ್ಠ ಒಂದೂವರೆ ಮಿಮೀ ಉಳಿಯಬೇಕು. ರಿಟೇನರ್ ಕೆಳಗೂ ಆಯಿಲ್ ಸೀಲ್‌ಗೂ ನಡುವೆ ಕೂಡ ಅಷ್ಟೇ. ಸೀಲ್ ವಿಷಯ ಮರೆಯುವವರು ಜಾಸ್ತಿ. ಲಿಫ್ಟ್ ಹೆಚ್ಚಿದ ಕ್ಯಾಮ್‌ನಲ್ಲಿ ರಿಟೇನರ್ ಹೋಗಿ ಸೀಲನ್ನೇ ಕುಟ್ಟುತ್ತದೆ, ಆಮೇಲೆ ನೀಲಿ ಹೊಗೆ ಬರುತ್ತಿದೆ ಅಂತ ರಿಂಗ್ ಬದಲಾಯಿಸುತ್ತಾರೆ.

ಸೀಟ್ ಕಟಿಂಗ್ ಮೂರು ಕೋನದಲ್ಲಿ, 30-45-60. ವಾಲ್ವ್ ಮುಖ ತಾಗುವ 45ರ ಪಟ್ಟಿ ಇನ್‌ಟೇಕ್‌ನಲ್ಲಿ ಸುಮಾರು 1 ಮಿಮೀ, ಎಕ್ಸಾಸ್ಟ್‌ನಲ್ಲಿ ಒಂದೂವರೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಈ ಸೀಟಿನ ಮೂಲಕವೇ ಬಿಟ್ಟುಕೊಡುವುದು. ರೇಸಿಂಗ್ ಅಂತ ಪಟ್ಟಿಯನ್ನು ತೀರಾ ಕಿರಿದು ಮಾಡಿಸಿದರೆ ನಮ್ಮ ಬಿಸಿಲಿಗೆ ವಾಲ್ವ್ ಸುಡುತ್ತದೆ. ವಾಲ್ವ್‌ಗಳನ್ನು ನಾನು ಬದಲಾಯಿಸಲಿಲ್ಲ, ಇದ್ದವನ್ನೇ ಮುಖ ಉಜ್ಜಿಸಿದೆ. ಟರ್ಬೊ ಇಲ್ಲದ, ಈ ಮಟ್ಟದ ಇಂಜಿನ್‌ಗೆ ಕಂಪನಿ ವಾಲ್ವ್ ಸಾಕು. ವಾಲ್ವ್ ಬಾಲ ಜಾರುವ ಗೈಡ್‌ಗಳು ಮಾತ್ರ ಸವೆದು ಹೋಗಿದ್ದವು. ಕೆಂಪು ಧೂಳು! ಅದಿರಿನ ಪುಡಿ ಗಾಜಿನಷ್ಟೇ ಗಡುಸು. ಸಂಡೂರು ಕಡೆ ಓಡಾಡುವ ಗಾಡಿಗೆ ಆ ತೆರೆದ ಕೋನ್ ಫಿಲ್ಟರ್ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಂಪನಿಯ ಮುಚ್ಚಿದ ಡಬ್ಬಿ, ಪೇಪರ್ ಫಿಲ್ಟರ್, ಬೇಗ ಬೇಗ ಬದಲಿ. ಇದರಲ್ಲಿ ಚೌಕಾಸಿ ಇಲ್ಲ.

ಅಂಗಡಿಗೆ ಅರ್ಧ ಸ್ಟಾರ್ ಯಾಕೆ ಕಡಿಮೆ ಅಂದರೆ ವಿಟೆಕ್ ಅವರಿಗೆ ಹೊಸದು. ಪಿಸ್ಟನ್ ಮತ್ತು ವಾಲ್ವ್ ನಡುವೆ ಎಷ್ಟು ಜಾಗ ಇದೆ ಅಂತ ನೋಡಲು ಪಿಸ್ಟನ್ ತಲೆಗೆ ಮಕ್ಕಳ ಆಟದ ಕ್ಲೇ ಮೆತ್ತಿ, ಹೆಡ್ ಕೂರಿಸಿ, ಇಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಆಮೇಲೆ ಕ್ಲೇ ಕತ್ತರಿಸಿ ದಪ್ಪ ಅಳೆಯುತ್ತಾರೆ. ಇನ್‌ಟೇಕ್‌ಗೆ 2 ಮಿಮೀ, ಎಕ್ಸಾಸ್ಟ್‌ಗೆ 2.5 ಮಿಮೀ ಇದ್ದರೆ ನೆಮ್ಮದಿ. ಇದು ಎಲ್ಲರಿಗೂ ಗೊತ್ತು. ಆದರೆ ವಿಟೆಕ್ ಕೆಲಸ ಮಾಡುವುದು ಆಯಿಲ್ ಪ್ರೆಷರ್‌ನಿಂದ. ಕೈಯಲ್ಲಿ ತಿರುಗಿಸುವಾಗ ಪ್ರೆಷರ್ ಇರುವುದಿಲ್ಲ, ನಡುವಿನ ದೊಡ್ಡ ಲೋಬ್ ಸುಮ್ನೆ ತನ್ನ ರಾಕರ್ ಒಂದನ್ನೇ ಆಡಿಸುತ್ತಿರುತ್ತದೆ, ವಾಲ್ವ್ ತೆರೆಯುವುದು ಚಿಕ್ಕ ಲೋಬ್‌ಗಳಿಂದ. ಅಂದರೆ ಕ್ಲೇ ತೋರಿಸುವ ಜಾಗ ನಿಜವಾದ ಜಾಗ ಅಲ್ಲ. ಹುಡುಗ 'ಸಿಕ್ಕಾಪಟ್ಟೆ ಗ್ಯಾಪ್ ಐತ್ರಿ ಅಣ್ಣಾ' ಅಂತ ಹೆಡ್ ಬಿಚ್ಚಲು ಹೊರಟಿದ್ದ. ನಾನು ರಾಕರ್‌ಗಳನ್ನು ಲಾಕ್ ಮಾಡಿ ನೋಡಬೇಕು ಅಂದೆ. ಹಿರಿಯರು ಒಂದು ನಿಮಿಷ ರಾಕರ್ ಒಳಗಿನ ಪಿನ್‌ಗಳನ್ನು ಬೆರಳಲ್ಲಿ ಒತ್ತಿ ನೋಡಿದರು. ಎಣ್ಣೆ ಎಲ್ಲಿಂದ ಬರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ ಅಂತ ಕೇಳಿದರು. ಹೊರಹೋಗುವ ರಂಧ್ರವನ್ನು ಮುಚ್ಚಿಸಿ, ಇನ್ನೊಂದಕ್ಕೆ ಟೈರಿಗೆ ಗಾಳಿ ಹೊಡೆಯುವ ಕಂಪ್ರೆಸರ್ ಪೈಪ್ ಹಿಡಿಸಿದರು. ಟಕ್ ಅಂತ ಪಿನ್ ಕೂತಿತು. ಈ ಸಲ ಕ್ಲೇ ಬೇರೆಯೇ ಕಥೆ ಹೇಳಿತು. ಜಾಗ ಸಾಕಷ್ಟು ಇತ್ತು, ಆದರೆ ಧಾರಾಳ ಅನ್ನುವ ಹಾಗಿರಲಿಲ್ಲ. ಹೆಡ್ ಫೇಸಿಂಗ್ (ಹೆಡ್‌ನ ತಳ ಉಜ್ಜಿ ಸಮ ಮಾಡುವುದು) ಇನ್ನೂ ಸ್ವಲ್ಪ ಮಾಡೋಣ ಅಂತಿದ್ದ ಮಾತನ್ನು ಅಲ್ಲೇ ನಿಲ್ಲಿಸಿದೆವು. ಫೇಸಿಂಗ್ ಮಾಡಿದಷ್ಟೂ ಈ ಜಾಗ ಕಮ್ಮಿಯಾಗುತ್ತದೆ, ಬೆಲ್ಟ್ ಇರುವ ಇಂಜಿನ್‌ನಲ್ಲಿ ಕ್ಯಾಮ್ ಟೈಮಿಂಗ್ ಕೂಡ ಹಿಂದಕ್ಕೆ ಸರಿಯುತ್ತದೆ.

ಕ್ಯಾಮ್ ಡಿಗ್ರಿ ಹಾಕುವುದು, ಅಂದರೆ ಡಿಗ್ರಿ ಚಕ್ರ ಮತ್ತು ಡಯಲ್ ಗೇಜ್ ಇಟ್ಟು ಟೈಮಿಂಗ್ ಹೊಂದಿಸುವುದು, ಈ ಅಂಗಡಿಯಲ್ಲಿ ಆಗುವುದಿಲ್ಲ. ಅದನ್ನು ನೀವೇ ಮಾಡಬೇಕು, ಇಲ್ಲವೇ ಬಲ್ಲವರನ್ನು ಕರೆಸಬೇಕು.

ಮೊದಲ ಸ್ಟಾರ್ಟ್ ವಿಷಯದಲ್ಲಿ ಊರಿನಿಂದ ಒಂದು ಲಾಭವಿದೆ. ರಾಕರ್ ಪ್ಯಾಡ್ ಜಾರುವ ಇಂಥ ಇಂಜಿನ್‌ಗೆ ಹೊಸ ಲೋಬ್ ಹೊಂದಿಕೊಳ್ಳುವವರೆಗೆ ಎಣ್ಣೆಯಲ್ಲಿ ಸವೆತ ತಡೆಯುವ ಜಿಂಕ್ ಬೇಕು. ಈಗಿನ ಪೆಟ್ರೋಲ್ ಕಾರಿನ ಎಣ್ಣೆಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಅದನ್ನು ಇಳಿಸಿದ್ದಾರೆ. ಲಾರಿಗೆ ಹಾಕುವ ಸಿಐ-4 ಗ್ರೇಡ್ 15ಡಬ್ಲ್ಯೂ-40ರಲ್ಲಿ ಜಾಸ್ತಿ ಇರುತ್ತದೆ, ಬಳ್ಳಾರಿಯಲ್ಲಿ ಅದು ಸಿಗದ ಅಂಗಡಿಯೇ ಇಲ್ಲ. ಲೋಬ್‌ಗಳಿಗೆ ಮಾಲಿ (ಮಾಲಿಬ್ಡಿನಮ್) ಪೇಸ್ಟ್ ಬಳಿದು, ಸ್ಟಾರ್ಟ್ ಆದ ಕೂಡಲೇ 2000ದಿಂದ 2500 ಆರ್‌ಪಿಎಂನಲ್ಲಿ 20 ನಿಮಿಷ ಹಿಡಿದು, ಆಮೇಲೆ ಆ ಎಣ್ಣೆ ಇಳಿಸಿ ಎಂದಿನ ಎಣ್ಣೆ ಹಾಕಿಕೊಂಡೆ. ಐಡ್ಲಿಂಗ್‌ನಲ್ಲಿ ಬಿಟ್ಟು ಫೋಟೋ ತೆಗೆಯುತ್ತಾ ನಿಲ್ಲಬೇಡಿ.

ಟ್ಯಾಪೆಟ್ ಸೆಟ್ಟಿಂಗ್‌ಗೆ, ಅಂದರೆ ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು ಹೊಂದಿಸುವುದಕ್ಕೆ, ಹೋಂಡಾ ಮ್ಯಾನುಯಲ್‌ನಲ್ಲಿ ಒಂದು ಷರತ್ತಿದೆ. ಹೆಡ್ 38 ಡಿಗ್ರಿಗಿಂತ ತಣ್ಣಗಿರುವಾಗ ಮಾತ್ರ ಅಳೆಯಬೇಕು. ಬಳ್ಳಾರಿಯ ಮೇ ತಿಂಗಳಲ್ಲಿ ಮಧ್ಯಾಹ್ನ ಇಂಜಿನ್ ಶುರು ಮಾಡದಿದ್ದರೂ ಅದು 38 ದಾಟಿರುತ್ತದೆ! ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ಆರಕ್ಕೆ ಫೀಲರ್ ಗೇಜ್ ಹಿಡಿದು ಕೂರಬೇಕು, ಬೇರೆ ದಾರಿಯಿಲ್ಲ. ಮಧ್ಯಾಹ್ನ ಮಾಡಿಕೊಡುತ್ತೇನೆ ಅನ್ನುವ ಮೆಕ್ಯಾನಿಕ್‌ಗೆ ನಯವಾಗಿ ಬೇಡ ಅನ್ನಿ.

ಓಡಿಸಲು ಹೇಗಿದೆ? ಕೆಳಗೆ ಕಳೆದುಕೊಂಡಿದ್ದು ಅಷ್ಟೇನಿಲ್ಲ, ಏಸಿ ಹಾಕಿಕೊಂಡೇ ಸಿಗ್ನಲ್‌ನಲ್ಲಿ ನಿಲ್ಲುತ್ತದೆ, ಸ್ವಲ್ಪ ಗುಡುಗುಡು ಇದೆ. ವಿಟೆಕ್ ಹತ್ತಿದ ಮೇಲೆ ಮುಂಚೆ ಉಸಿರು ಕಟ್ಟುತ್ತಿದ್ದ ಕಡೆ ಈಗ ಎಳೆಯುತ್ತಲೇ ಹೋಗುತ್ತದೆ. ಶಕ್ತಿ ಅಳೆಯುವ ಡೈನೋ ಮೇಲೆ ಹಾಕಿಲ್ಲ, ಹಾಗಾಗಿ ಬಿಎಚ್‌ಪಿ ಎಷ್ಟು ಅಂತ ಕೊಚ್ಚಿಕೊಳ್ಳುವುದಿಲ್ಲ. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಟ್ಯೂನಿಂಗ್ ಇನ್ನೂ ಬಾಕಿ.

ಹೆಡ್ ಅಂಗಡಿಯ ಕೂಲಿ, ಗೈಡ್, ಸೀಟ್ ಕಟಿಂಗ್, ಫೇಸಿಂಗ್, ವಾಷರ್ ಎಲ್ಲ ಸೇರಿ 8,000ದ ಆಸುಪಾಸು. ಬಿಲ್ ಕೇಳಿದರೆ ಚೀಟಿಯಲ್ಲಿ ಬರೆದುಕೊಡುತ್ತಾರೆ. ಲಾರಿ ಹೆಡ್ ಬಂದರೆ ನಿಮ್ಮದು ಪಕ್ಕಕ್ಕೆ ಹೋಗುತ್ತದೆ, ಅದಕ್ಕೆ ಮುನಿಸಿಕೊಳ್ಳಬೇಡಿ, ಅವರ ಹೊಟ್ಟೆಪಾಡು ಅದೇ. ಅವಸರ ಇದ್ದರೆ ಸುಗ್ಗಿಯ ಹೊತ್ತಿಗೆ ಹೋಗಲೇಬೇಡಿ, ಟ್ರ್ಯಾಕ್ಟರ್ ಹೆಡ್‌ಗಳು ಬಾಗಿಲವರೆಗೂ ಪೇರಿಸಿರುತ್ತವೆ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಹೆಡ್ ತೊಳೆದು ಒಯ್ಯಿರಿ, ಕ್ಯಾಮ್‌ನ ಅಳತೆ ಚೀಟಿ ಮತ್ತು ಹಳೆಯ ಸ್ಪ್ರಿಂಗ್‌ಗಳನ್ನೂ ಜೊತೆಗೆ ಒಯ್ಯಿರಿ. ಹಳೆಯದನ್ನು ಟೆಸ್ಟರ್ ಮೇಲಿಟ್ಟು ಹೋಲಿಸಿ ನೋಡದೆ ಅವರು ಹೊಸದನ್ನು ಹಾಕುವುದಿಲ್ಲ.